ಕೊನೆಗೆ ಹಾಕಿದ ತಲೆಕಟ್ಟು

ಟ್ರಾಮು ತಪ್ಪು ದಿಕ್ಕಿಗೆ ಹೊರಟಿದೆ ಎಂದು ತಿಳಿಯುವಷ್ಟರಲ್ಲಿ ನಾವು ನದಿ ದಾಟಿ ಆಗಿತ್ತು.

"ಇಳಿ ಪುಟ್ಟಿ, ಇಳಿ!" ಅತ್ತಿಗೆ ನನ್ನ ತೋಳು ಹಿಡಿದು ಎಳೆದರು.

ಇಳಿದೆವು. ಎದುರಿಗೆ ಬೀಗ ರಿಪೇರಿಯ ಅಂಗಡಿ, ಅದರ ಪಕ್ಕ ಹೂವಿನಂಗಡಿ, ಅದರಾಚೆ ಕಲ್ಲು ಹಾಸಿದ ಏರುದಾರಿ. ಬೋರ್ಡುಗಳ ಮೇಲಿನ ಒಂದಕ್ಷರವೂ ನಮ್ಮದಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕೈಬರಹ ಪರೀಕ್ಷಕಿಯಾಗಿದ್ದು, ಅಕ್ಷರದ ಸೊಟ್ಟ ನೋಡಿ ಬರೆದವರ ಸುಳ್ಳು ಹಿಡಿದ ನಾನು ಇಲ್ಲಿ ಶುದ್ಧ ಅನಕ್ಷರಸ್ಥೆ.

"ಆಫೀಸಲ್ಲಿ ನಿನ್ನ ಭೂತಗನ್ನಡಿ ಅಂತ ಕರೀತಿದ್ರಲ್ಲ. ತೆಗಿ ಈಗ ಆ ಭೂತಗನ್ನಡೀನ. ದಾರಿ ಕಾಣುತ್ತೇನೋ ನೋಡೋಣ" ಎಂದರು ಅತ್ತಿಗೆ.

ನಗಬೇಕಿತ್ತು. ಇಬ್ಬರಿಗೂ ನಗು ಬರಲಿಲ್ಲ.

ಹನ್ನೊಂದು ತಿಂಗಳ ಹಿಂದೆ, ಎರಡು ವಿಮಾನಗಳ ನಡುವಿನ ಬಿಡುವಿನಲ್ಲಿ, ನನ್ನ ಅಣ್ಣ ಈ ಊರಿನ ಒಂದು ಲಾಡ್ಜಿನಲ್ಲಿ ಹೃದಯ ನಿಂತು ಸತ್ತಿದ್ದ. ಮನೆಗೆ ಬಂದ ಅವನ ಬ್ಯಾಗಿನಲ್ಲಿ ಅವನದಲ್ಲದ ಒಂದು ಕನ್ನಡಕವಿತ್ತು.

ಅಣ್ಣನದು ಕನ್ನಡಕದ ಅಂಗಡಿ. ವರ್ಷಕ್ಕೊಮ್ಮೆ ದೂರದ ದ್ವೀಪವೊಂದರ ಕಣ್ಣಿನ ಶಿಬಿರಕ್ಕೆ ಇನ್ನೂರು ಕನ್ನಡಕ ಮಾಡಿಕೊಂಡು ಹೋಗುತ್ತಿದ್ದ. ಆರು ವರ್ಷ ಹೋದ. ಪ್ರತಿಸಲವೂ ಇಲ್ಲಿ ವಿಮಾನ ಬದಲಿಸಬೇಕು, ಒಂಬತ್ತು ಗಂಟೆ ಕಾಯಬೇಕು. "ಅಷ್ಟು ಹೊತ್ತು ಏನ್ಮಾಡ್ತೀಯೋ?" ಎಂದರೆ "ಏರ್‌ಪೋರ್ಟಿನ ಕುರ್ಚಿ ಮೇಲೆ ಗೊರಕೆ ಹೊಡೀತೀನಿ" ಎನ್ನುತ್ತಿದ್ದ.

ಸತ್ತದ್ದು ಏರ್‌ಪೋರ್ಟಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆ.

ಈ ವರ್ಷ ಅವನ ಬದಲಿಗೆ ಅತ್ತಿಗೆ ಹೊರಟಿದ್ದರು. ಲೆನ್ಸ್ ಉಜ್ಜುವುದರಲ್ಲಿ ಅವರು ಅಣ್ಣನಿಗಿಂತ ಒಂದು ಕೈ ಮೇಲು. ಜೊತೆಗೆ ನಾನು. ಕನ್ನಡಕದ ಪೆಟ್ಟಿಗೆಗಳು ನೇರವಾಗಿ ಮುಂದಿನ ವಿಮಾನಕ್ಕೆ ಹೋಗಿದ್ದವು. ನಾವು ಒಂದು ದಿನದ ಪರವಾನಗಿಯ ಮುದ್ರೆ ಹಾಕಿಸಿಕೊಂಡು ಹೊರಬಿದ್ದಾಗ ಬೆಳಗಿನ ಎಂಟೂವರೆ. ವಿಮಾನ ಸಂಜೆ ಐದಕ್ಕೆ.

ಹೂವಿನಂಗಡಿಯವನಿಗೆ, ಅಣ್ಣ ಸತ್ತಾಗ ಈ ಊರಿನ ಪೊಲೀಸರು ಕಳಿಸಿದ್ದ ಕಾಗದ ತೋರಿಸಿದೆ. ಅದರಲ್ಲಿ ಲಾಡ್ಜಿನ ವಿಳಾಸ ಅವರ ಲಿಪಿಯಲ್ಲೇ ಇತ್ತು. ಅವನು ಓದಿ, ನಮ್ಮಿಬ್ಬರ ಮುಖ ನೋಡಿ, ಬಂದ ದಾರಿಗೇ ಕೈ ತೋರಿಸಿದ. ಆಮೇಲೆ ಏನನ್ನಿಸಿತೋ, ಕಾಗದದ ಹಿಂದೆ ಸೇತುವೆಯ ಚಿತ್ರ ಬರೆದು, ಮೂರು ಬೆರಳೆತ್ತಿ, ಎಡಕ್ಕೆ ತಿರುಗಿಸಿದ. ಸೇತುವೆಯಾಚೆ ಮೂರನೇ ರಸ್ತೆ, ಎಡಕ್ಕೆ.

ನಡೆದೇ ಹೋದೆವು. ಮತ್ತೆ ಟ್ರಾಮು ಹತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಸೇತುವೆಯ ಮೇಲೆ ಕೆಲಸಕ್ಕೆ ಹೊರಟವರ ದಂಡು. ಅತ್ತಿಗೆ ಊರನ್ನು ನೋಡಲಿಲ್ಲ, ಊರಿನವರ ಮೂಗು ನೋಡುತ್ತಿದ್ದರು. "ಆ ಹುಡುಗಿಗೆ ಫ್ರೇಮು ದೊಡ್ಡದಾಯ್ತು. ಅವರಿಗೆ ನೋಡು, ಎಡಗಣ್ಣಿನ ಲೆನ್ಸ್ ವಾರೆ ಕೂತಿದೆ, ತಲೆನೋವು ಬರ್ದೇ ಇರುತ್ತಾ?" ಮೂವತ್ತೈದು ವರ್ಷ ಗಂಡ ಹೆಂಡತಿ ಸಂಜೆ ವಾಕಿಂಗಿಗೆ ಹೋದಾಗಲೆಲ್ಲ ಮಾತಾಡಿದ್ದು ಇದನ್ನೇ. ಈಗ ಉತ್ತರ ಕೊಡುವವನಿಲ್ಲ.

ಸೇತುವೆಯ ನಡುವೆ ಅವರು ನಿಂತರು.

"ಆರು ವರ್ಷ ಈ ಕಲ್ಲಿನ ಮೇಲೆ ಓಡಾಡಿದ್ದಾರೆ. ಮನೇಲಿ ಒಂದು ಮಾತಿಲ್ಲ. ಇನ್ನೊಬ್ಬಳು ಇದ್ದಳು ಅಂತಾನೇ ಅಲ್ವಾ ಪುಟ್ಟಿ?"

"ಗೊತ್ತಿಲ್ಲ ಅತ್ತಿಗೆ."

"ಸುಳ್ಳಾದ್ರೂ ಹೇಳಬಾರದಾ?"

ಆ ಕನ್ನಡಕ ಅವರ ಕೈಚೀಲದಲ್ಲಿತ್ತು. ಅಣ್ಣನ ಬ್ಯಾಗನ್ನು ಹತ್ತು ತಿಂಗಳು ಬೀರುವಿನಿಂದ ತೆಗೆಯಲಾರದೆ, ಶಿಬಿರಕ್ಕೆ ಅವನ ಕಣ್ಣು ಪರೀಕ್ಷೆಯ ಸಾಮಾನು ಬೇಕೆಂದು ಹೋದ ತಿಂಗಳು ತೆಗೆದಾಗ ಅದು ಸಿಕ್ಕಿತ್ತು. ಕಡ್ಡಿಯ ಒಳಗೆ ಅಣ್ಣ ಗುರುತಿಗೆ ಕೊರೆಯುತ್ತಿದ್ದ ಚುಕ್ಕೆ ಇದೆ, ಹಾಗಾಗಿ ಮಾಡಿದ್ದು ಅವನೇ. ಆದರೆ ಪವರ್ ಮೈನಸ್ ಒಂಬತ್ತು, ದೂರದ್ದು ಕಾಣದವರ ದಪ್ಪ ಗಾಜು. ಅಣ್ಣನದು ಬರೀ ಓದುವ ಕನ್ನಡಕ. ಇದು ಚಿಕ್ಕ ಮುಖದವರದು, ಹೆಂಗಸಿನದು. ಮೂಗಿನ ಪ್ಯಾಡು ಸವೆದಿದ್ದರಿಂದ ಬಹಳ ದಿನ ಹಾಕಿಕೊಂಡದ್ದು. ಅಣ್ಣನ ಸ್ವಂತ ಕನ್ನಡಕ ಮಾತ್ರ ಬ್ಯಾಗಿನಲ್ಲಿರಲಿಲ್ಲ.

ಮೂರನೇ ರಸ್ತೆ ಕಿರಿದಾಗಿತ್ತು. ಲಾಂಡ್ರಿಯೊಂದರ ಬಿಸಿ ಹಬೆ ಕಾಲುದಾರಿಗೆ ಬೀಳುತ್ತಿತ್ತು. ಅದರಾಚೆ ನಾಲ್ಕು ಮಹಡಿಯ ಹಳದಿ ಕಟ್ಟಡ, ಗಾಜಿನ ಬಾಗಿಲು, ಒಳಗೆ ಮರದ ಕೌಂಟರು. ಕೌಂಟರಿನ ಹಿಂದೆ ಎಪ್ಪತ್ತರ ಹತ್ತಿರದ ಹೆಂಗಸು ದಿಂಬಿನ ಕವರುಗಳನ್ನು ಮಡಿಸುತ್ತಿದ್ದಳು. ಲಾಡ್ಜಿನ ಯಜಮಾನಿ ಅವಳೇ. ಅವಳ ಇಂಗ್ಲಿಷೂ ನಮ್ಮ ಇಂಗ್ಲಿಷಿನಂತೆ ಕುಂಟುತ್ತಿತ್ತು, ಹಾಗಾಗಿ ಹೊಂದಿಕೊಂಡಿತು.

ಅತ್ತಿಗೆ ಕನ್ನಡಕವನ್ನು ಕೌಂಟರಿನ ಮೇಲಿಟ್ಟರು.

ಯಜಮಾನಿಯ ಕೈ ನಿಂತಿತು. "ಅಯ್ಯೋ" ಎಂಬಂಥ ಒಂದು ಸದ್ದು ಅವಳ ಗಂಟಲಿನಿಂದ ಬಂತು. ಆ ಸದ್ದು ಎಲ್ಲ ಭಾಷೆಯಲ್ಲೂ ಒಂದೇ.

"ಕನ್ನಡಕದವರ ಮನೆಯವರಾ ನೀವು?"

"ಹೆಂಡತಿ" ಎಂದೆ ಅತ್ತಿಗೆಯನ್ನು ತೋರಿಸಿ. "ನಾನು ತಂಗಿ."

ಯಜಮಾನಿ ಅತ್ತಿಗೆಯನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. "ಹೆಂಡತಿ... ನಾನು ಆ ಇನ್ನೊಬ್ಬರನ್ನ ಹೆಂಡತಿ ಅಂದ್ಕೊಂಡಿದ್ದೆ."

ಅತ್ತಿಗೆ ಕೌಂಟರಿನ ಅಂಚು ಹಿಡಿದುಕೊಂಡರು. ನಾನು ಕುರ್ಚಿ ಎಳೆದು ಕೂರಿಸಿದೆ.

"ಪೂರ್ತಿ ಹೇಳಿ" ಎಂದೆ.

ಹೇಳಿದಳು. ಪ್ರತಿವರ್ಷ ಅವರು ಬೆಳಿಗ್ಗೆ ಬರುತ್ತಿದ್ದರು. ಮೂರನೇ ಮಹಡಿಯಲ್ಲಿ, ಕಿಟಕಿಗೆ ಬೆಳಕು ಬರುವ ಕೋಣೆಯೇ ಬೇಕು. ಹತ್ತು ಗಂಟೆಗೆ ಆ ಹೆಂಗಸು ಬರುತ್ತಿದ್ದಳು. ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಗೋಡೆಗೆ ಒಂದು ಅಕ್ಷರದ ಹಾಳೆ ಅಂಟಿಸಿ, ಅವಳನ್ನು ಎದುರಿಗೆ ಕೂರಿಸಿ, ಒಂದೊಂದೇ ಗಾಜು ಬದಲಿಸಿ ಓದಿಸುತ್ತಿದ್ದರು. ಇಬ್ಬರೂ ಬ್ರೆಡ್ಡು, ಹಣ್ಣು ತಿನ್ನುತ್ತಿದ್ದರು. ಮಧ್ಯಾಹ್ನ ಅವರು ಹಿಂದಿನ ವರ್ಷದ ಅಳತೆಗೆ ಊರಿನಿಂದ ಮಾಡಿ ತಂದ ಹೊಸ ಕನ್ನಡಕ ಕೊಡುತ್ತಿದ್ದರು, ಅವಳು ಹಳೆಯದನ್ನು ವಾಪಸು ಕೊಡುತ್ತಿದ್ದಳು. ಅಷ್ಟೇ.

"ಹೋದ ವರ್ಷ?"

"ಟ್ಯಾಕ್ಸಿಯಿಂದ ಇಳಿಯೋವಾಗಲೇ ಅವರಿಗೆ ಮೈ ಸರಿ ಇರಲಿಲ್ಲ. ಆ ಸಲ ಅವಳು ಬೇಗನೇ ಬಂದು ಬಾಗಿಲಲ್ಲಿ ಕಾಯ್ತಿದ್ದಳು, ಅವಳೇ ಹಿಡ್ಕೊಂಡು ಬಂದಳು. ಆಸ್ಪತ್ರೆಗೆ ಹೋಗಿ ಅಂದೆ. ಬೇಡ, ಒಂದು ವಿಷಯ ಮಾತಾಡೋದಿದೆ ಅಂದ್ರು. ಅರ್ಧ ಗಂಟೆ ಆದ ಮೇಲೆ ಅವಳು ಕೂಗಿದಳು. ಆಂಬುಲೆನ್ಸ್ ಬರೋ ಹೊತ್ತಿಗೆ ಮುಗಿದಿತ್ತು. ಪೊಲೀಸರು ನೀನು ಇವರಿಗೆ ಏನಾಗಬೇಕು ಅಂತ ಕೇಳಿದ್ರು. ಏನೂ ಆಗಬೇಕಿಲ್ಲ ಅಂದಳು." ಯಜಮಾನಿ ಕನ್ನಡಕವನ್ನು ಬೆರಳಿನಿಂದ ಮುಟ್ಟಿದಳು. "ಹೊಸದನ್ನ ಹಾಕ್ಕೊಂಡು ಇದನ್ನ ಅವರ ಬ್ಯಾಗಿಗೆ ಹಾಕಿದಳು. ಪ್ರತಿಸಲದ ಹಾಗೇ. ಅವರ ಕನ್ನಡಕ ತಾನು ತಗೊಂಡಳು."

"ರಿಜಿಸ್ಟರ್ ಇದೆಯಾ?" ಎಂದೆ.

ದಪ್ಪ ರಟ್ಟಿನ ಪುಸ್ತಕ. ಅವಳು ಹಾಳೆ ತಿರುಗಿಸಿ ಕೊಟ್ಟಳು. ನಾನು ಚೀಲದಿಂದ ಭೂತಗನ್ನಡಿ ತೆಗೆದೆ.

ಅಣ್ಣ ಎಲ್ಲಿ ಹೋದರೂ ನಮ್ಮ ಅಕ್ಷರದಲ್ಲೇ ಸಹಿ ಹಾಕುತ್ತಿದ್ದ. ಐದು ವರ್ಷದ ಐದು ಸಹಿ, ಅವಸರದ, ಮೀನಿನ ಬಾಲದಂಥ ಸಹಿ, ಅವನವೇ. ಆರನೆಯದೂ ಅವನ ಹೆಸರೇ, ನಮ್ಮ ಅಕ್ಷರವೇ. ಕೈ ಅವನದಲ್ಲ.

ನಿಧಾನವಾಗಿ, ಒತ್ತಿ ಬರೆದ ದುಂಡು ಅಕ್ಷರ. ಗಾಜು ಹತ್ತಿರ ಹಿಡಿದೆ. ಪ್ರತಿ ಅಕ್ಷರದ ಮೈ ಮೊದಲು ಬರೆದು, ತಲೆಕಟ್ಟನ್ನು ಕೊನೆಗೆ ಹಾಕಿತ್ತು. ಕೆಳಗಿನ ಶಾಯಿಯ ಮೇಲೆ ಮೇಲಿನ ಗೆರೆ ಹತ್ತಿ ಕೂತದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಗಾಜನ್ನು ಕೆಳಗಿಟ್ಟೆ.

ನಮ್ಮಪ್ಪ ಬೋರ್ಡು ಬರೆಯುವ ಪೇಂಟರ್. ಮೊದಲು ಮೈ, ಆಮೇಲೆ ತಲೆ, ಆಗ ಸಾಲು ನೇರವಾಗುತ್ತೆ ಎಂದು ಮಕ್ಕಳಿಗೆಲ್ಲ ಹಾಗೇ ಕಲಿಸಿದ್ದ. ಅಣ್ಣ ಅದನ್ನು ಕಾಲೇಜಿಗೆ ಹೋದ ಮೇಲೆ ಬಿಟ್ಟ, ನಾನು ಕೆಲಸಕ್ಕೆ ಸೇರಿದ ಮೇಲೆ ಬಿಟ್ಟೆ. ಬಿಡದೆ ಉಳಿಸಿಕೊಂಡವಳು ಒಬ್ಬಳೇ.

"ಅತ್ತಿಗೆ" ಎಂದೆ. "ಇನ್ನೊಬ್ಬಳು ಅಲ್ಲ. ಅಕ್ಕ."

ಅವರು ತಲೆ ಎತ್ತಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ನನ್ನ ಮದುವೆಗೆ ಹನ್ನೆರಡು ದಿನ ಇತ್ತು. ಹುಡುಗ ಲೆಕ್ಕದ ಮೇಷ್ಟ್ರು, ನನಗೆ ಇಷ್ಟವಾಗಿದ್ದ. ಅವರ ಮನೆಗೆ ಹೆಸರಿಲ್ಲದ ಒಂದು ಕಾಗದ ಹೋಯಿತು. ಹುಡುಗಿಗೆ ಮೂರ್ಛೆ ಬರುತ್ತದೆ, ಎರಡು ಸಲ ಹುಚ್ಚಾಸ್ಪತ್ರೆಯಲ್ಲಿದ್ದಳು, ಮುಚ್ಚಿಟ್ಟು ಕೊಡುತ್ತಿದ್ದಾರೆ. ಮದುವೆ ಮುರಿಯಿತು. ಅವರು ಕಾಗದವನ್ನು ಅಪ್ಪನ ಮುಖಕ್ಕೆ ಎಸೆದು ಹೋದರು. ನಾನು ಆಗಷ್ಟೇ ಇಲಾಖೆಗೆ ಸೇರಿ ವರ್ಷವಾಗಿತ್ತು. ಗಾಜು ಹಿಡಿದು ನೋಡಿದೆ. ಅಕ್ಕನ ಹಾಡಿನ ಪುಸ್ತಕ ತಂದು ಪಕ್ಕದಲ್ಲಿಟ್ಟೆ. "ಅಕ್ಕಂದೇ ಕೈ" ಎಂದೆ.

ಅಕ್ಕನಿಗೆ ಆಗ ಮೂವತ್ನಾಲ್ಕು. ದಪ್ಪ ಕನ್ನಡಕದ ಕಾರಣಕ್ಕೆ ಎರಡು ಸಂಬಂಧ ತಪ್ಪಿದ್ದವು. ಹೊಟ್ಟೆಕಿಚ್ಚು ಎಂದರು ಎಲ್ಲರೂ. ಅವಳು "ನಾನಲ್ಲ" ಎಂದು ಒಂದೇ ಸಲ ಹೇಳಿದಳು. ಅಪ್ಪ ಅವಳ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟ. ಅವಳು ಯಾವುದೋ ದೇಶಕ್ಕೆ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದಳಂತೆ ಎಂದು ಆಮೇಲೆ ಯಾರೋ ಹೇಳಿದರು. ಅಪ್ಪ ಸತ್ತಾಗಲೂ ನಾವು ತಿಳಿಸಲಿಲ್ಲ. ಎಲ್ಲಿಗೆ ಅಂತ ತಿಳಿಸುವುದು?

ಅಣ್ಣನಿಗೆ ಗೊತ್ತಿತ್ತು. ಆರು ವರ್ಷ ಬಂದು, ಅವಳ ಕಣ್ಣು ಪರೀಕ್ಷೆ ಮಾಡಿ, ಕನ್ನಡಕ ಹಾಕಿಸಿ, ಮನೆಗೆ ಬಂದು ಕುರ್ಚಿಯ ಮೇಲೆ ಗೊರಕೆ ಹೊಡೆದೆ ಎನ್ನುತ್ತಿದ್ದ. ನನ್ನ ಮುಖ ನೋಡಿಕೊಂಡೇ ಎನ್ನುತ್ತಿದ್ದ.

"ಸಾಕು ಪುಟ್ಟಿ" ಎಂದರು ಅತ್ತಿಗೆ. ಕೆನ್ನೆ ಒದ್ದೆಯಾಗಿತ್ತು. "ನೋಡಿದ್ದಾಯ್ತು. ನಡಿ, ಏರ್‌ಪೋರ್ಟಿಗೆ ಹೋಗೋಣ."

"ಈಗಿನ್ನೂ ಹನ್ನೊಂದೂವರೆ, ಅತ್ತಿಗೆ. ಅಕ್ಕ ಇದೇ ಊರಲ್ಲಿದ್ದಾಳೆ!"

"ಇದ್ದರೆ ಇರಲಿ. ನಡಿ ಅಂದೆನಲ್ಲ."

ಸಂಕಟ ತಡೆಯಲಾರದೆ ಹೀಗನ್ನುತ್ತಿದ್ದಾರೆ ಎಂದುಕೊಂಡೆ. ಇನ್ನೊಬ್ಬ ಹೆಂಗಸಲ್ಲ ಎಂದು ತಿಳಿದ ಮೇಲೆ ಒಂದು ನಿಟ್ಟುಸಿರಾದರೂ ಬರಬೇಕಿತ್ತಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ಬೇರೆಯವರ ಮನೆಯ ಕೇಸಾಗಿದ್ದರೆ ಹೊಳೆಯುತ್ತಿತ್ತು.

ಯಜಮಾನಿ ನನ್ನ ಕೈಯ ಗಾಜನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋದಳು. ಟೆಲಿಫೋನಿನಲ್ಲಿ ಅವಳು ತನ್ನ ಭಾಷೆಯಲ್ಲಿ ಮಾತಾಡುವುದು ಕೇಳಿಸಿತು. ವಾಪಸು ಬಂದಾಗ ಕೈಯಲ್ಲಿ ಒಂದು ಕಂದು ಲಕೋಟೆ ಇತ್ತು.

"ಅವಳು ಹೋಗೋವಾಗ ಇದನ್ನ ಕೊಟ್ಟಳು. ಯಾವತ್ತಾದರೂ ಒಬ್ಬಳು ಬಂದು ರಿಜಿಸ್ಟರ್ ಕೇಳ್ತಾಳೆ, ಅದನ್ನ ಗಾಜು ಹಿಡಿದು ನೋಡ್ತಾಳೆ. ಅವಳಿಗೆ ಕೊಡು ಅಂದಳು."

ಲಕೋಟೆಯಲ್ಲಿ ಒಂದೇ ಹಾಳೆ.

ಮೊದಲ ಸಾಲು ಓದಿದಾಗಲೇ ಗುರುತು ಹತ್ತಿತು. *ನೀವು ತರುತ್ತಿರುವ ಹುಡುಗಿಗೆ ಮೂರ್ಛೆ ರೋಗವಿದೆ...* ಅದೇ ಕಾಗದ. ಒಂದು ಮಾತೂ ಬದಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಬಾಯಿಪಾಠವಾಗಿರುವ ಹದಿನಾಲ್ಕು ಸಾಲು. ಅದೇ ದುಂಡು ಅಕ್ಷರ, ಕೊನೆಗೆ ಹಾಕಿದ ತಲೆಕಟ್ಟು.

ಆದರೆ ಶಾಯಿ ಹೊಸದು. ಹಾಳೆಯೂ ಹೊಸದು. ತಲೆಯ ಮೇಲೆ ನಮ್ಮ ಅಂಗಡಿಯ ವಿಳಾಸ, ಫೋನ್ ನಂಬರು. ಆ ಪ್ಯಾಡನ್ನು ಅಚ್ಚು ಹಾಕಿಸಿ ತಂದವಳೇ ನಾನು, ಹೋದ ವರ್ಷ, ಅಣ್ಣ ಹೊರಡುವ ಒಂದು ತಿಂಗಳ ಮುಂಚೆ.

ಅಂಗಡಿಯಲ್ಲಿ ಕೂರುತ್ತಿದ್ದವರು ಇಬ್ಬರು. ಅಣ್ಣನ ಅಕ್ಷರ ಇದಲ್ಲ.

ಇನ್ನೊಬ್ಬರಿಗೆ ಬರೆಯಲು ಬರುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಶಾಲೆ ಕಾಣದೆ ನಮ್ಮ ಮನೆಗೆ ಬಂದವರು. ಅಂಗಡಿಯ ಚೀಟಿಯಲ್ಲಿ ಪವರಿನ ಅಂಕಿ ಬರೆಯುತ್ತಾರೆ, ಅಷ್ಟೇ.

ಹಾಳೆಯನ್ನು ಅತ್ತಿಗೆಯ ತೊಡೆಯ ಮೇಲಿಟ್ಟೆ.

"ಯಾರು ಬರೆದಿದ್ದು?"

ಅವರು ಹಾಳೆಯ ಮಡಿಕೆಯನ್ನು ಬೆರಳಿನಿಂದ ಸವರಿದರು. "ನಿನಗೆ ಕೊಡಿ ಅಂತ ಅವರ ಕೈಗೆ ಕೊಟ್ಟಿದ್ದೆ. ನೇರ ಕೊಡೋ ಧೈರ್ಯ ಇರಲಿಲ್ಲ. ಕೊಟ್ಟಿರ್ತಾರೆ ಅಂದ್ಕೊಂಡೆ. ಹನ್ನೊಂದು ತಿಂಗಳಿಂದ ನೀನು ಇವತ್ತು ಬಾಯಿ ಬಿಡ್ತೀಯ, ನಾಳೆ ಬಿಡ್ತೀಯ ಅಂತ ಕಾದೆ. ಕೊಡಲೇ ಇಲ್ಲ ಅವರು. ಇಲ್ಲಿಗೆ ತಂದುಬಿಟ್ಟರು."

"ನಾನು ಕೇಳಿದ್ದು ಅದಲ್ಲ ಅತ್ತಿಗೆ."

"ನಾನೇ ಪುಟ್ಟಿ. ಇದೂ ನಾನೇ, ಅದೂ ನಾನೇ."

ಹೊರಗೆ ಲಾಂಡ್ರಿಯ ಯಂತ್ರ ಗುಡುಗುಡು ಎನ್ನುತ್ತಿತ್ತು. ಯಜಮಾನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಅವಳು ದಿಂಬಿನ ಕವರುಗಳನ್ನು ಎತ್ತಿಕೊಂಡು ಒಳಗೆ ಸರಿದಳು.

"ನಿಮಗೆ ಅಕ್ಷರ..."

"ನಿಮ್ಮಕ್ಕ ಕಲಿಸಿದಳು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆ ಬಾಗಿಲು ಹಾಕ್ಕೊಂಡು. ದಡ್ಡಿ ಅಂತ ನಗ್ತಾರೆ ಅಂತ ಯಾರಿಗೂ ಹೇಳಬೇಡ ಅಂದಿದ್ದೆ. ಅವಳು ಹೇಳಲಿಲ್ಲ. ಮನೆ ಬಿಟ್ಟು ಹೋಗೋವಾಗಲೂ ಹೇಳಲಿಲ್ಲ."

ಒಬ್ಬರ ಕೈಯಲ್ಲೇ ಕಲಿತವರ ಅಕ್ಷರ ಒಂದರಂತೆ ಒಂದು ಇರುತ್ತದೆ ಎಂದು ಕೋರ್ಟಿನಲ್ಲಿ ನಾನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

"ಯಾಕೆ ಅತ್ತಿಗೆ? ನಾನು ನಿಮಗೇನು ಮಾಡಿದ್ದೆ?"

"ಅವರು ಹೇಳ್ತಾ ಹೋದ್ರು, ನಾನು ಬರೀತಾ ಹೋದೆ."

"ಯಾರು?"

"ನಿಮ್ಮಣ್ಣ."

ಹೈಸ್ಕೂಲಿಗೆ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಿಟ್ಟುಬರುತ್ತಿದ್ದ ಅಣ್ಣ. ಮದುವೆ ಮುರಿದ ಮೇಲೆ ಆರು ತಿಂಗಳು ದಿನಾ ಸಂಜೆ ನನ್ನ ಪಕ್ಕ ಸುಮ್ಮನೆ ಬಂದು ಕೂರುತ್ತಿದ್ದ ಅಣ್ಣ.

"ಯಾಕಂತೆ?"

"ಕೇಳಿದೆ. ಅವಳ ಒಳ್ಳೇದಕ್ಕೆ ಅಂದ್ರು. ಇನ್ನೊಂದು ಸಲ ಕೇಳಲಿಲ್ಲ. ನೀನು ಗಾಜು ಹಿಡಿದು ಅಕ್ಕಂದೇ ಕೈ ಅಂದೆಯಲ್ಲ, ಆಗ ನಾನು ಬಾಯಿ ತೆರೆದೆ. ಅವರು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದರು." ಅತ್ತಿಗೆ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು ತೋರಿಸಿದರು. "ಅವತ್ತಿನಿಂದ ನಾನು ಅಕ್ಷರ ಬರೆಯೋದು ಬಿಟ್ಟೆ. ಬರೀ ಅಂಕಿ. ಮತ್ತೆ ಬರೆದಿದ್ದು ಇದೊಂದೇ, ಅದನ್ನೇ ನನ್ನ ಕೈಯಲ್ಲಿ ನೋಡಿದರೆ ನೀನೇ ತಿಳ್ಕೋತೀಯ ಅಂತ. ಇದು ನಿನ್ನ ಕೈ ಸೇರೋ ಬದಲು ಅವರ ಜೀವ ತಗೊಂಡಿತು."

ನಾನು ಬೈಯಬೇಕಿತ್ತು. ಕೆನ್ನೆಗೆ ಹೊಡೆದಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ನನಗೆ ಕಂಡದ್ದು ಮೆಟ್ಟಿಲ ಮೇಲಿನ ಪೆಟ್ಟಿಗೆ. ಅದನ್ನು ಅಲ್ಲಿಗೆ ತಂದಿಟ್ಟ ಮಾತು ಅತ್ತಿಗೆಯದಲ್ಲ, ನನ್ನದು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಅತ್ತೆವು.

ಒಳಗಿನ ಕೋಣೆಯಲ್ಲಿ ಟೆಲಿಫೋನು ಬಡಿದುಕೊಂಡಿತು. ಯಜಮಾನಿ ಬಾಗಿಲಿಗೆ ಬಂದು ನನಗೆ ಸನ್ನೆ ಮಾಡಿದಳು.

"ನೀವು ಗಾಜು ತೆಗೆದಾಗಲೇ ನಾನು ಅವಳ ಆಸ್ಪತ್ರೆಗೆ ಫೋನ್ ಮಾಡಿದ್ದೆ. ವಾರ್ಡಿನಲ್ಲಿದ್ದಾಳೆ ಅಂದಿದ್ದರು. ಈಗ ಅವಳೇ."

ಒಳಗೆ ಹೋಗಿ ರಿಸೀವರ್ ಹಿಡಿದೆ. ಆ ಕಡೆಯಿಂದ ಬರೀ ಉಸಿರು. ಆಮೇಲೆ, ವಯಸ್ಸಾಗಿ ಸ್ವಲ್ಪ ಒರಟಾದ, ಆದರೂ ಅದೇ ದನಿ.

"ಪುಟ್ಟೀ?"

"ಅಕ್ಕ..."

"ಅಳಬೇಡ. ಇಲ್ಲಿ ನಾನೂ ಅಳೋ ಹಾಗಿಲ್ಲ, ರೋಗಿಗಳಿದ್ದಾರೆ. ಜೊತೇಲಿ ಯಾರಿದ್ದಾರೆ?"

"ಅತ್ತಿಗೆ. ಎಲ್ಲ ಹೇಳಿದರು ಅಕ್ಕ. ನಾನೇ ನಿನ್ನ..."

"ಏನು ಹೇಳಿದಳು?"

"ಬರೆದಿದ್ದು ತಾನು, ಬರೆಸಿದ್ದು ಅಣ್ಣ ಅಂತ."

ಆ ಕಡೆ ಯಾವುದೋ ಗಾಡಿಯ ಚಕ್ರ ಉರುಳಿ ಹೋದ ಸದ್ದು. ಅಕ್ಕ ದನಿ ತಗ್ಗಿಸಿದಳು.

"ಬರೆದಿದ್ದು ಅವಳು, ಅದು ನಿಜ. ಬರೆಸಿದ್ದು ಅಣ್ಣ ಅಲ್ಲ ಪುಟ್ಟಿ. ಅದನ್ನ ಅವನು ತನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಒಪ್ಪಿದ್ದ, ಅಷ್ಟೇ. ಇಪ್ಪತ್ತೇಳು ವರ್ಷ ಹೊತ್ತ. ಸಾಯೋ ಮುಂಚೆ ಯಾರು ಅಂತ ನನಗೆ ಹೇಳಿದ. ಆ ಹೆಸರು ಅತ್ತಿಗೆ ಯಾವತ್ತೂ ಬಾಯಿ ಬಿಡಲ್ಲ, ಜೀವ ಹೋದರೂ ಬಿಡಲ್ಲ. ಅದನ್ನ ಫೋನಲ್ಲಿ ಹೇಳೋಕಾಗಲ್ಲ, ಅರ್ಧ ಗಂಟೇಲಿ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೆ ಅವಳನ್ನ ಒಬ್ಬಳನ್ನೇ ಬಿಡಬೇಡ. ಕೇಳಿಸ್ತಾ?"

ರಿಸೀವರ್ ಕೈಯಲ್ಲಿರುವಂತೆಯೇ ತಿರುಗಿ ನೋಡಿದೆ.

ಕುರ್ಚಿ ಖಾಲಿಯಾಗಿತ್ತು. ಕುರ್ಚಿಯ ಮೇಲೆ ಅತ್ತಿಗೆಯ ಕೈಚೀಲ, ಅದರ ಬಾಯಲ್ಲಿ ಇಣುಕುತ್ತಿದ್ದ ಪಾಸ್‌ಪೋರ್ಟು. ಗಾಜಿನ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

ಓಡಿ ಹೊರಬಂದೆ. ರಸ್ತೆ ಎರಡೂ ಕಡೆ ಜನರಿಂದ ತುಂಬಿತ್ತು. ಒಂದು ಬೋರ್ಡನ್ನೂ ಓದಲಾರದ, ಯಾರೊಂದಿಗೂ ಒಂದು ಮಾತಾಡಲಾರದ ಆ ಊರಿನೊಳಗೆ ನನ್ನ ಅತ್ತಿಗೆ ಬರಿಗೈಯಲ್ಲಿ ಎತ್ತಲೋ ಹೊರಟುಹೋಗಿದ್ದರು.